ಗದ್ದಲದ ಕ್ಲಾಸನ್ನು ಕೋಲಿಲ್ಲದೆ ಸರಿಪಡಿಸುವುದು ಹೇಗೆ? ಹೊಸ ಶಿಕ್ಷಕರಿಗೆ ಹಂತ ಹಂತದ ದಾರಿ

ಪ್ರತಿ ವರ್ಷ ಜುಲೈ ಬಂತೆಂದರೆ ಹೊಸದಾಗಿ ಕೆಲಸಕ್ಕೆ ಸೇರಿದವರಿಂದ ಒಂದೇ ಪ್ರಶ್ನೆ. ಹಾವೇರಿ, ಗದಗ ಕಡೆಯ ಹಳ್ಳಿ ಶಾಲೆಗೆ ಅತಿಥಿ ಶಿಕ್ಷಕರಾಗಿ ಹೋದವರು ಕೇಳುತ್ತಾರೆ. ಹುಬ್ಬಳ್ಳಿಯ ಓಣಿ ಶಾಲೆಗೆ ಸೇರಿದವರು ಕೇಳುತ್ತಾರೆ. ಧಾರವಾಡದಲ್ಲಿ ಬಿ.ಇಡಿ. ಮುಗಿಸಿ ಈಗಷ್ಟೇ ಕ್ಲಾಸಿಗೆ ಕಾಲಿಟ್ಟವರೂ ಕೇಳುತ್ತಾರೆ. “ಪಾಠ ತಯಾರಿ ಮಾಡ್ಕೊಂಡೇ ಹೋಗ್ತೀನ್ರಿ, ಆದ್ರ ಹುಡುಗರು ಕೇಳವಲ್ರು. ಏನ್ ಮಾಡ್ಲಿ?”

ಬಿಡಿಬಿಡಿಯಾಗಿ ಎಷ್ಟೋ ಸಲ ಉತ್ತರ ಹೇಳಿದ್ದೇನೆ. ಈ ಸಲ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ನಾಲ್ಕರಿಂದ ಎಂಟನೇ ತರಗತಿಯವರೆಗೆ ಪಾಠ ಮಾಡುವವರಿಗೆ ಇದು ಹೆಚ್ಚು ಉಪಯೋಗವಾದೀತು.

ಮೊದಲಿಗೆ ಒಂದು ಮಾತು. ಗದ್ದಲ ಶುರುವಾದ ಮೇಲೆ ಹೇಗೆ ನಿಲ್ಲಿಸಬೇಕು ಅಂತಲೇ ನಾವೆಲ್ಲ ಯೋಚಿಸುತ್ತೇವೆ ಅಲ್ವಾ? ಅಮೆರಿಕದ ಜೇಕಬ್ ಕೌನಿನ್ ಎಂಬ ಸಂಶೋಧಕರು ಕ್ಲಾಸುಗಳನ್ನು ವಿಡಿಯೊ ಮಾಡಿ, ಶಿಕ್ಷಕರ ನಡವಳಿಕೆಯನ್ನು ಹೋಲಿಸಿ ನೋಡಿದರು. 1970ರಲ್ಲಿ ಅವರು ಪ್ರಕಟಿಸಿದ ವಿಷಯ ಬಹಳ ಜನರಿಗೆ ಅಚ್ಚರಿ ತಂದಿತು. ಮಕ್ಕಳನ್ನು ಗದರುವ ರೀತಿಯಲ್ಲಿ ಒಳ್ಳೆಯ ಕ್ಲಾಸಿಗೂ ಗದ್ದಲದ ಕ್ಲಾಸಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ವ್ಯತ್ಯಾಸ ಇದ್ದದ್ದು ಗದರುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವುದರಲ್ಲಿ. ಇಡೀ ಕ್ಲಾಸಿನ ಮೇಲೆ ಕಣ್ಣಿಡುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ತಡವಿಲ್ಲದೆ ಹೋಗುವುದು, ಯಾರನ್ನೂ ಸುಮ್ನೆ ಕೂರಿಸದಿರುವುದು. ಮುಂದೆ ಹೇಳುವ ಹೆಚ್ಚಿನ ಮಾತುಗಳು ಇದೇ ಜಾಡಿನವು.

ಏನೇನು ಬೇಕು

ಜಾಸ್ತಿ ಏನಿಲ್ಲ. ನೂರು ಪುಟದ ಒಂದು ನೋಟ್‌ಬುಕ್. ಅದರಲ್ಲಿ ಪ್ರತಿ ಮಗುವಿಗೆ ಒಂದು ಪುಟ. ಗೋಡೆಗೆ ಒಂದು ಗಡಿಯಾರ. ಹಾಳೆ, ಸ್ಕೆಚ್ ಪೆನ್ನು, ಹಳೆಯ ದಿನಪತ್ರಿಕೆಗಳು. ಜೊತೆಗೆ ಮೊದಲ ಎರಡು ವಾರ ಸಿಲೆಬಸ್ ಹಿಂದೆ ಬಿದ್ದರೂ ಚಿಂತೆಯಿಲ್ಲ ಎನ್ನುವ ಧೈರ್ಯ. ಆ ಎರಡು ವಾರ ಕೊಟ್ಟರೆ ಉಳಿದ ತಿಂಗಳುಗಳಲ್ಲಿ ಅದು ವಾಪಸ್ ಸಿಗುತ್ತದೆ. ಮುಖ್ಯೋಪಾಧ್ಯಾಯರಿಗೆ ಮೊದಲೇ ಹೇಳಿಡಿ.

1. ಮೂರು ದಿನದಲ್ಲಿ ಎಲ್ಲರ ಹೆಸರು ಕಲಿಯಿರಿ

“ಏ ನೀಲಿ ಅಂಗಿ, ಎದ್ದು ನಿಲ್ಲು” ಎನ್ನುವ ಶಿಕ್ಷಕರ ಮಾತಿಗೂ ಹೆಸರು ಹಿಡಿದು ಕರೆಯುವವರ ಮಾತಿಗೂ ಮಕ್ಕಳು ಕಿವಿಗೊಡುವ ರೀತಿಯೇ ಬೇರೆ. ಹಾಜರಿ ಪುಸ್ತಕದ ಹೆಸರು, ಮನೆಯಲ್ಲಿ ಕರೆಯುವ ಹೆಸರು, ಓಣಿ, ಮನೆಯಲ್ಲಿ ಆಡುವ ಮಾತು, ಇಷ್ಟದ ಆಟ ಇವನ್ನು ಮಗುವಿನ ಪುಟದಲ್ಲಿ ಬರೆದುಕೊಳ್ಳಿ.

ಇಲ್ಲೊಂದು ಎಚ್ಚರಿಕೆ. ನಮ್ಮ ಕಡೆ ಮನೆತನದ ಹೆಸರಿಗೆ ಅಡ್ಡಹೆಸರು ಎನ್ನುತ್ತೇವೆ. ಒಂದೇ ಕ್ಲಾಸಿನಲ್ಲಿ ಮೂವರು ಬಸವರಾಜರಿದ್ದರೆ ಅಡ್ಡಹೆಸರಿನಿಂದಲೇ ಕರೆಯಬೇಕಾಗುತ್ತದೆ. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ ಎಂದಾಗ ಹಿಂದಿನ ಬೆಂಚಿನವರು ಕಿಸಕ್ಕೆಂದು ನಗಬಹುದು. ಆಗ ನೀವು ನಗಬೇಡಿ, ತುಟಿಯಂಚಿನಲ್ಲೂ ಬೇಡ. ನೀವು ನಕ್ಕರೆ ಆ ಮಗುವನ್ನು ಕಾಡಿಸಲು ಇಡೀ ಕ್ಲಾಸಿಗೆ ಪರವಾನಗಿ ಕೊಟ್ಟಂತೆ.

ಕೂರಿಸುವ ಕ್ರಮವನ್ನೂ ಇದೇ ವಾರ ಸರಿಮಾಡಿ. ಕೊನೆಯ ಸಾಲಿನವರೆಗೆ ನೀವು ನಡೆದು ಹೋಗಲು ದಾರಿ ಇರಬೇಕು. ಶಿಕ್ಷಕರ ಕಾಲು ತಲುಪದ ಮೂಲೆಯಲ್ಲೇ ಗದ್ದಲ ಮೊದಲು ಏಳುವುದು.

ನಾಲ್ಕನೇ ತರಗತಿಯವರು ಇನ್ನೊಂದು ಗಮನಿಸಿ. ಆ ಮಕ್ಕಳು ಮೂರು ವರ್ಷ ನಲಿ-ಕಲಿಯಲ್ಲಿ ಕಲಿತವರು. ಗುಂಪಾಗಿ ಕೂತು, ಕಾರ್ಡು ಹಿಡಿದು, ಎದ್ದು ಓಡಾಡಿ ಕಲಿತು ಬಂದವರು. ಇದ್ದಕ್ಕಿದ್ದಂತೆ ಸಾಲಾಗಿ ಕೂತು 40 ನಿಮಿಷ ಕೇಳಿ ಅಂದರೆ ಚಡಪಡಿಸದೆ ಇನ್ನೇನು ಮಾಡಿಯಾರು? ಮೊದಲ ತಿಂಗಳು ದಿನಕ್ಕೆ ಎರಡು ಪಿರಿಯಡ್ ಆದರೂ ಗುಂಪಿನ ಕೆಲಸ ಕೊಡಿ.

2. ನಾಲ್ಕೇ ನಿಯಮ, ಮಕ್ಕಳ ಜೊತೆ ಕೂತು ಮಾಡಿ

“ನಮ್ಮ ಕ್ಲಾಸಿನಾಗ ಎಲ್ಲಾರೂ ಕಲೀಬೇಕಂದ್ರ ಏನೇನ್ ಮಾಡಬೇಕು?” ಎಂದು ಕೇಳಿ. ಅವರು ಹೇಳಿದ್ದನ್ನೆಲ್ಲ ಬೋರ್ಡಿನ ಮೇಲೆ ಬರೆಯಿರಿ. ಆಮೇಲೆ ನಾಲ್ಕಕ್ಕೆ ಇಳಿಸಿ. ಪ್ರತಿ ನಿಯಮವೂ ಏನು ಮಾಡಬೇಕು ಅಂತ ಹೇಳುವಂತಿರಲಿ. “ಗದ್ದಲ ಮಾಡಬಾರದು” ಎಂಬುದರಿಂದ ಮಗುವಿಗೆ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. “ಒಬ್ಬರು ಮಾತಾಡುವಾಗ ಉಳಿದವರು ಕೇಳುತ್ತೇವೆ” ಎಂಬುದರಿಂದ ಗೊತ್ತಾಗುತ್ತದೆ.

ಬರೆದು ಅಂಟಿಸಿದರೆ ಮುಗಿಯಲಿಲ್ಲ. ಆಡಿ ತೋರಿಸಬೇಕು. ನೋಟ್‌ಬುಕ್ ತಂದುಕೊಡುವುದು ಹೇಗೆ, ಗುಂಪಾಗಿ ಕೂರುವುದು ಹೇಗೆ, ಊಟದ ಗಂಟೆ ಬಾರಿಸಿದಾಗ ಏಳುವುದು ಹೇಗೆ, ಎಲ್ಲವನ್ನೂ ಆಟದಂತೆ ನಾಲ್ಕೈದು ಸಲ ಮಾಡಿಸಿ. ಗಡಿಯಾರ ನೋಡಿ ಹೇಳಿ: “ನಿನ್ನೆ ಗುಂಪು ಮಾಡಾಕ ಮೂರು ನಿಮಿಷ ಆಗಿತ್ತು. ಇವತ್ತು ಎಷ್ಟಕ್ಕೆ ಮುಗಸ್ತೀರಿ ನೋಡೋಣ.”

ತಪ್ಪುವುದೆಲ್ಲಿ? ಹದಿನೈದು ನಿಯಮ ಬರೆದು ಒಂದನ್ನೂ ಪಾಲಿಸದಿರುವುದು. ಮಗುವಿನ ಕೈಯಲ್ಲಿಲ್ಲದ ವಿಷಯಕ್ಕೆ ನಿಯಮ ಮಾಡುವುದು. ಬಸ್ಸು ತಡವಾಗಿ ಬಂದದ್ದಕ್ಕೆ ಮಗು ಹೊಣೆಯಲ್ಲ. ತಡವಾಗಿ ಬಂದವರು ಸದ್ದಿಲ್ಲದೆ ಒಳಗೆ ಬಂದು ಬೋರ್ಡಿನ ಕೆಲಸ ಶುರುಮಾಡಲಿ, ಅಷ್ಟು ಸಾಕು.

3. ಮೊದಲ ಐದು ನಿಮಿಷಕ್ಕೆ ಕೆಲಸ ಇಡಿ

ನೀವು ಹಾಜರಿ ಹಾಕುವಾಗ, ಪುಸ್ತಕ ಹುಡುಕುವಾಗ ಮಕ್ಕಳು ಏನು ಮಾಡುತ್ತಿರುತ್ತಾರೆ? ಏನೂ ಇಲ್ಲ. ಗದ್ದಲ ಅಲ್ಲಿಂದಲೇ ಶುರು. ಆದ್ದರಿಂದ ಮಕ್ಕಳು ಒಳಗೆ ಬರುವ ಮೊದಲೇ ಬೋರ್ಡಿನ ಮೇಲೆ ಒಂದು ಚಿಕ್ಕ ಕೆಲಸ ಬರೆದಿಡಿ. “ಒಂದು ಕ್ವಿಂಟಲ್ ಶೇಂಗಾಕ್ಕೆ 6,400 ರೂಪಾಯಿ ಆದರೆ 35 ಕಿಲೋಗೆ ಎಷ್ಟು?” ಇಂಥ ಲೆಕ್ಕಕ್ಕೆ ಎಂದೂ ಕೈ ಎತ್ತದ ಹುಡುಗನೂ ತಲೆ ಎತ್ತುತ್ತಾನೆ, ಯಾಕೆಂದರೆ ಅಪ್ಪನ ಜೊತೆ ಎಪಿಎಂಸಿಗೆ ಹೋದವನು ಅವನು. ಕೆಲಸ ಎಲ್ಲರಿಗೂ ಬರುವಷ್ಟು ಸುಲಭ ಇರಲಿ. ಕಷ್ಟದ ಲೆಕ್ಕ ಆಮೇಲೆ.

ಒಂದೇ ಕೋಣೆಯಲ್ಲಿ ಎರಡು ತರಗತಿ ಕೂರಿಸಿದ್ದರೆ ಈ ಹಂತವನ್ನು ಬಿಡಲೇಬೇಡಿ. ಐದನೆಯವರಿಗೆ ಪಾಠ ಮಾಡುವ ಹೊತ್ತಿನಲ್ಲಿ ನಾಲ್ಕನೆಯವರ ಕೈಯಲ್ಲಿ ಬರೆಯುವ ಕೆಲಸ ಇರಬೇಕು. ಅದನ್ನು ಹಿಂದಿನ ಸಂಜೆಯೇ ತಯಾರಿಸಿಡಿ.

4. ಕೂಗಬೇಡಿ, ಸನ್ನೆ ಕಲಿಸಿ

ನೀವು ದನಿ ಎತ್ತರಿಸಿದಷ್ಟೂ ಕ್ಲಾಸು ಇನ್ನಷ್ಟು ಎತ್ತರಿಸುತ್ತದೆ. ವರ್ಷದ ಕೊನೆಗೆ ಗಂಟಲು ಹೋಗುವುದು ನಿಮ್ಮದು. ಒಂದು ಸನ್ನೆ ಗೊತ್ತುಮಾಡಿಕೊಳ್ಳಿ. ನೀವು ಮೂರು ಚಪ್ಪಾಳೆ ತಟ್ಟಿದರೆ ಮಕ್ಕಳು ಎರಡು ತಟ್ಟಿ ಕೈ ಕಟ್ಟುವುದು, ಅಥವಾ ನೀವು ಕೈ ಎತ್ತಿದರೆ ನೋಡಿದವರೆಲ್ಲ ಎತ್ತುವುದು.

ಸನ್ನೆ ಮಾಡಿದ ಮೇಲೆ ಪೂರ್ತಿ ನಿಶ್ಶಬ್ದವಾಗುವ ತನಕ ಬಾಯಿ ತೆರೆಯಬೇಡಿ. ಹೊಸಬರು ಎಡವುವುದು ಇಲ್ಲೇ. ಅರ್ಧ ಕ್ಲಾಸು ಮಾತಾಡುತ್ತಿರುವಾಗಲೇ ಪಾಠ ಶುರುಮಾಡಿಬಿಡುತ್ತಾರೆ. “ನಾನು ಮಾತಾಡುವಾಗ ನೀವೂ ಮಾತಾಡಬಹುದು” ಎಂದು ಕಲಿಸಿದಂತೆ ಅದು. ಮೊದಲ ದಿನ ಎರಡು ನಿಮಿಷ ಕಾಯಬೇಕಾದೀತು. ಕಾಯಿರಿ.

5. ಪ್ರಶ್ನೆ ಕೇಳಿದ ಮೇಲೆ ಮೂರು ಸೆಕೆಂಡು ತಾಳಿ

ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ ಶಿಕ್ಷಕರ ಪಾಠಗಳನ್ನು ರೆಕಾರ್ಡ್ ಮಾಡಿ ಅಳೆದರು. ಪ್ರಶ್ನೆ ಕೇಳಿ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದುದು ಸುಮಾರು ಒಂದೇ ಸೆಕೆಂಡು. ಮೂರು ಸೆಕೆಂಡು ಕಾದಾಗ ಮಕ್ಕಳ ಉತ್ತರ ಉದ್ದವಾಯಿತು, ಬಾಯಿ ಬಿಡದ ಮಕ್ಕಳೂ ಹೇಳತೊಡಗಿದರು. ಖರ್ಚಿಲ್ಲದ ಉಪಾಯ ಇದು. ಮೊದಲು ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿ, ಆಮೇಲೆ ಹೆಸರು ಹೇಳಿ. ಹೆಸರು ಮೊದಲು ಹೇಳಿದರೆ ಉಳಿದವರೆಲ್ಲ “ನನಗಲ್ಲ” ಅಂತ ಆರಾಮಾಗಿಬಿಡುತ್ತಾರೆ.

6. ತಪ್ಪು ನಡೆದಾಗ: ಚಿಕ್ಕದರಿಂದ ಶುರುಮಾಡಿ

ಎಷ್ಟೇ ತಯಾರಿ ಮಾಡಿದರೂ ಯಾರೋ ಒಬ್ಬರು ಚಾಕ್ ಎಸೆಯುತ್ತಾರೆ, ಪಕ್ಕದವರ ಜಡೆ ಎಳೆಯುತ್ತಾರೆ. ಆಗ ಈ ಕ್ರಮ ಹಿಡಿಯಿರಿ. ಮೊದಲು ಬರೀ ನೋಟ. ಸಾಲದಿದ್ದರೆ ಪಾಠ ಮಾಡುತ್ತಲೇ ಹತ್ತಿರ ಹೋಗಿ ನಿಲ್ಲಿ. ಅದಕ್ಕೂ ಬಗ್ಗದಿದ್ದರೆ ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ ಹೆಸರು ಮತ್ತು ಮಾಡಬೇಕಾದ ಕೆಲಸ ಹೇಳಿ: “ಮಂಜುನಾಥ, ಮೂರನೇ ಲೆಕ್ಕ.” ಅಷ್ಟೇ. “ಯಾಕ್ ಮಾತಾಡ್ತಿ? ನಿನಗ ನಾಚಿಕಿ ಇಲ್ಲೇನು?” ಅಂತ ಕೇಳಿದರೆ ನಲವತ್ತು ಮಂದಿಯ ಮುಂದೆ ಅವನು ಮಾನ ಉಳಿಸಿಕೊಳ್ಳಬೇಕಾಗುತ್ತದೆ. ಎದುರು ಮಾತಾಡಿಯೇ ಉಳಿಸಿಕೊಳ್ಳುತ್ತಾನೆ.

ಅದೂ ಆಗದಿದ್ದರೆ ಪಿರಿಯಡ್ ಮುಗಿದ ಮೇಲೆ ಒಬ್ಬನನ್ನೇ ಕರೆದು, ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿ. ಆ ಮಾತು ಹೆಚ್ಚುಕಡಿಮೆ ಹೀಗೆ ಸಾಗುತ್ತದೆ:

“ಇವತ್ತು ಪಾಠದಾಗ ಏನಾತು, ಹೇಳಪ್ಪಾ.”

“ಏನಿಲ್ರಿ ಸರ.”

“ಲೆಕ್ಕ ತಿಳೀಲಿಲ್ಲೇನು?”

ಸ್ವಲ್ಪ ಹೊತ್ತು ಸುಮ್ಮನಿರುತ್ತಾನೆ. ನೀವೂ ಸುಮ್ಮನಿರಿ. ಆಮೇಲೆ ಬರುತ್ತದೆ: “ಭಿನ್ನರಾಶಿ ಬರಾಂಗಿಲ್ರಿ. ಅವಾಗ ನಾ ಸಾಲಿಗೆ ಬಂದಿದ್ದಿಲ್ರಿ.”

ಪಾಠ ತಿಳಿಯದ ಮಗುವಿಗೆ 40 ನಿಮಿಷ ಸುಮ್ಮನೆ ಕೂರುವುದು ಎಂಥ ಕಷ್ಟ ಅಂತ ಒಮ್ಮೆ ಯೋಚಿಸಿ. ನಾವು ತುಂಟತನ ಎನ್ನುವ ಎಷ್ಟೋ ಸಂಗತಿಗಳ ಬುಡ ಇಲ್ಲಿದೆ. ಏಳನೇ ಹಂತದಲ್ಲಿ ಇದಕ್ಕೇ ಬರುತ್ತೇನೆ.

ಮಾಡಲೇಬಾರದ ಕೆಲವು ಕೆಲಸಗಳಿವೆ. ಹೊಡೆಯುವುದು, ಕಿವಿ ಹಿಂಡುವುದು, ಬಿಸಿಲಿನಲ್ಲಿ ನಿಲ್ಲಿಸುವುದು, ಬೈದು ಅವಮಾನ ಮಾಡುವುದು. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಇದು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ತಪ್ಪಿದರೆ ಶಿಸ್ತು ಕ್ರಮ ಆಗುತ್ತದೆ. ಕಾನೂನಿನ ಮಾತು ಬಿಟ್ಟರೂ, ಪೆಟ್ಟು ತಿಂದ ಮಗು ಕಲಿಯುವುದು ಸಿಕ್ಕಿಬೀಳದಂತೆ ತಪ್ಪು ಮಾಡುವುದನ್ನು ಮಾತ್ರ. ಒಬ್ಬನ ತಪ್ಪಿಗೆ ಇಡೀ ಕ್ಲಾಸಿಗೆ ಶಿಕ್ಷೆ ಕೊಡಬೇಡಿ. ನೂರು ಸಲ ಬರೆಸಬೇಡಿ, ಬರೆಯುವುದೇ ಶಿಕ್ಷೆ ಅಂತಾದರೆ ಮುಂದೆ ಪ್ರಬಂಧ ಬರೆಯುವವರು ಯಾರು? ಊಟ, ಹಾಲು, ಆಟದ ಪಿರಿಯಡ್ ತಪ್ಪಿಸುವುದಂತೂ ಬೇಡವೇ ಬೇಡ.

ಇನ್ನೊಂದು ಹಳೆಯ ರೂಢಿ: ಶಿಕ್ಷಕರು ಆಫೀಸಿಗೆ ಹೋದಾಗ ಮಾನಿಟರ್ ಬೋರ್ಡಿನ ಮೂಲೆಯಲ್ಲಿ ಮಾತಾಡಿದವರ ಹೆಸರು ಬರೆಯುವುದು. ಹೆಸರಿನ ಮುಂದೆ ಗುಣಾಕಾರ ಚಿಹ್ನೆ, ಮತ್ತೆ ಮಾತಾಡಿದರೆ ಇನ್ನೊಂದು. ದಯವಿಟ್ಟು ಇದನ್ನು ನಿಲ್ಲಿಸಿ. ಗೆಳೆಯನ ಹೆಸರು ಬಿಡುವುದು, ಆಗದವನ ಹೆಸರು ಮೊದಲು ಬರೆಯುವುದು, ಪೆನ್ಸಿಲ್ ಕೊಟ್ಟರೆ ಅಳಿಸುವುದು, ಎಲ್ಲವೂ ಅಲ್ಲಿ ನಡೆಯುತ್ತವೆ. ಮಾನಿಟರ್ ಆದ ಮಗುವಿಗೂ ಅದು ಒಳ್ಳೆಯದಲ್ಲ. ಅದರ ಬದಲು ವಾರಕ್ಕೊಬ್ಬರಂತೆ ಎಲ್ಲರಿಗೂ ಜವಾಬ್ದಾರಿ ಹಂಚಿ: ಪುಸ್ತಕ ಹಂಚುವವರು, ಗಿಡಕ್ಕೆ ನೀರು ಹಾಕುವವರು, ಬೋರ್ಡ್ ಒರೆಸುವವರು, ದಿನದ ಸುದ್ದಿ ಓದುವವರು.

7. ಶಾಲೆ ತಪ್ಪಿಸಿ ವಾಪಸ್ ಬಂದ ಮಗುವಿಗೆ ದಾರಿ ಮಾಡಿಕೊಡಿ

ನಮ್ಮ ಜಿಲ್ಲೆಗಳಲ್ಲಿ ಹಾಜರಿ ಪುಸ್ತಕ ನೋಡಿಯೇ ಹೊಲದಲ್ಲಿ ಏನು ನಡೆದಿದೆ ಅಂತ ಹೇಳಬಹುದು. ಆಗಸ್ಟ್‌ನಿಂದ ಹೆಸರುಕಾಳು ಬಿಡಿಸುವುದು, ಆಮೇಲೆ ಶೇಂಗಾ, ಉಳ್ಳಾಗಡ್ಡಿ, ದೀಪಾವಳಿಯ ಆಚೀಚೆ ಹತ್ತಿ, ಸಂಕ್ರಾಂತಿ ದಾಟಿದರೆ ಬ್ಯಾಡಗಿ ಸೀಮೆಯಲ್ಲಿ ಮೆಣಸಿನಕಾಯಿ. ನಡುವೆ ಪಂಚಮಿ, ಊರ ಜಾತ್ರೆ. ಜೊತೆಗೆ ತಂದೆತಾಯಿ ದುಡಿಯಲು ಬೇರೆ ಊರಿಗೆ ಹೊರಟರೆ ಮಕ್ಕಳೂ ಹೋಗುತ್ತಾರೆ.

ಹತ್ತಿ ಬಿಡಿಸಿ ಬಂದ ಮಗುವಿನ ಬೆರಳು ನೋಡಿ. ಒಣಗಿದ ಕಾಯಿಯ ಮೊನೆ ಚುಚ್ಚಿ ಉಗುರಿನ ಸುತ್ತ ಗೀರು ಬಿದ್ದಿರುತ್ತದೆ, ಪೆನ್ನು ಹಿಡಿದರೆ ನೋಯುತ್ತದೆ. ಮೆಣಸಿನಕಾಯಿ ಹರಿದು ಬಂದ ಕೈಯಂತೂ ತೊಳೆದರೂ ಉರಿಯುತ್ತಿರುತ್ತದೆ. ಆ ಕೈಯಿಂದ ಕಣ್ಣೊರೆಸಿಕೊಂಡು ಅಳುತ್ತಾ ಕೂತ ಮಗುವನ್ನು “ಬರಿಯವಲ್ಲಿ ಯಾಕ?” ಅಂತ ಗದರಿದರೆ ಅದು ನಾಳೆ ಬರುವುದಿಲ್ಲ.

ವಾಪಸ್ ಬಂದ ದಿನ ಹೀಗೆ ಮಾಡಿ:

– “ಬಾ ಯವ್ವಾ, ನಿನ್ನ ಜಾಗಾ ಹಂಗ ಐತಿ ನೋಡು” ಎಂದು ಕರೆಯಿರಿ. ಕಾರಣ ಆಮೇಲೆ, ಒಬ್ಬಳೇ ಇದ್ದಾಗ ಕೇಳಿ.

– ಒಬ್ಬ ಜೊತೆಗಾರ್ತಿಯನ್ನು ಗೊತ್ತುಮಾಡಿ. ದಿನಕ್ಕೆ ಹತ್ತು ನಿಮಿಷ, ಒಂದು ವಾರ.

– ತಪ್ಪಿದ ಪಾಠದ ಸಾರವನ್ನು ಒಂದೇ ಹಾಳೆಯಲ್ಲಿ ಬರೆದಿಡಿ. ಪ್ರತಿ ಪಾಠಕ್ಕೂ ಇಂಥ ಹಾಳೆ ಇದ್ದರೆ ವರ್ಷವಿಡೀ ಉಪಯೋಗ. ಹಳೆಯ ಪಾಠ ಪೂರ್ತಿ ಬರೆದುಕೊಂಡು ಬಾ ಎನ್ನಬೇಡಿ.

– ಮೊದಲ ದಿನವೇ ಆ ಮಗು ಖಂಡಿತ ಉತ್ತರಿಸಬಲ್ಲ ಒಂದು ಪ್ರಶ್ನೆ ಕೇಳಿ.

ಮಗು ಪದೇ ಪದೇ ಕೂಲಿಗೆ ಹೋಗುತ್ತಿದ್ದರೆ ಅದು ನಿಮ್ಮೊಬ್ಬರಿಂದ ಬಗೆಹರಿಯುವ ಮಾತಲ್ಲ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಕ್ಕಳನ್ನು ದುಡಿಸಿಕೊಳ್ಳುವಂತಿಲ್ಲ. ಶಾಲೆಯ ಹೊತ್ತು ಬಿಟ್ಟು ಮನೆಯವರಿಗೆ ಕೈಜೋಡಿಸುವುದಕ್ಕಷ್ಟೇ ಅವಕಾಶ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಇದನ್ನು ಎತ್ತಿ. ಸಿಆರ್‌ಪಿ, ಅಂದರೆ ಕ್ಲಸ್ಟರ್ ಮಟ್ಟದ ಸಂಪನ್ಮೂಲ ವ್ಯಕ್ತಿಗೂ ತಿಳಿಸಿ.

8. ಹುರುಪು ಉಳಿಯಬೇಕೆಂದರೆ

ಪ್ರೇರಣೆ ಅಂತ ತರಬೇತಿಯಲ್ಲಿ ಹೇಳುತ್ತಾರಲ್ಲ, ನಮ್ಮ ಮಾತಿನಲ್ಲಿ ಅದು ಹುರುಪು. ಹುರುಪಿಗೆ ಬಹುಮಾನವೇ ಬೇಕು ಎನ್ನುವುದು ತಪ್ಪು ತಿಳಿವಳಿಕೆ. 1973ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಚಿತ್ರ ಬಿಡಿಸುವುದು ಇಷ್ಟವಿದ್ದ ಚಿಕ್ಕ ಮಕ್ಕಳಲ್ಲಿ ಕೆಲವರಿಗೆ “ಬಿಡಿಸಿದರೆ ಬಹುಮಾನ” ಎಂದು ಮೊದಲೇ ಹೇಳಿದರು. ಮುಂದೆ ಆ ಮಕ್ಕಳು ತಾವಾಗಿ ಚಿತ್ರ ಬಿಡಿಸುವುದೇ ಕಡಿಮೆಯಾಯಿತು. ಮೊದಲೇ ಹೇಳದೆ ಬಹುಮಾನ ಕೊಟ್ಟವರಲ್ಲಿ ಹಾಗಾಗಲಿಲ್ಲ. ಹಾಗಾಗಿ ಪೆನ್ನು, ಚಾಕೊಲೇಟಿನ ಆಸೆ ತೋರಿಸಿ ಓದಿಸಬೇಡಿ. ಚೆನ್ನಾಗಿ ಮಾಡಿದ ದಿನ ಎಲ್ಲರಿಗೂ ಒಂದು ಕಥೆ ಓದಿ ಹೇಳಿ, ಅದು ಸಾಕು.

ಹೊಗಳುವಾಗ ಏನನ್ನು ಹೊಗಳುತ್ತಿದ್ದೀರಿ ಅಂತ ಬಿಡಿಸಿ ಹೇಳಿ. “ಶಾಣ್ಯಾ ಅದಿ” ಎಂದರೆ ಮಗುವಿಗೆ ಹಿಡಿಯಲು ಏನೂ ಸಿಗುವುದಿಲ್ಲ. “ನಿನ್ನೆ ಒತ್ತಕ್ಷರ ಬಿಡ್ತಿದ್ದಿ, ಇವತ್ತು ಒಂದೂ ಬಿಟ್ಟಿಲ್ಲ” ಎಂದರೆ ಸಿಗುತ್ತದೆ.

ಭಾಷೆಯ ವಿಷಯವನ್ನು ನಾನು ಬಹಳ ಮನಸ್ಸಿಟ್ಟು ಹೇಳುತ್ತೇನೆ. ನಮ್ಮ ಮಕ್ಕಳು ಉಳ್ಳಾಗಡ್ಡಿ ಎನ್ನುತ್ತಾರೆ, ಪುಸ್ತಕದಲ್ಲಿ ಈರುಳ್ಳಿ ಅಂತಿರುತ್ತದೆ. ತತ್ತಿ ಎಂದ ಮಗುವಿಗೆ “ಹಾಗನ್ನಬಾರದು, ಮೊಟ್ಟೆ ಅನ್ನು” ಎಂದು ತಿದ್ದಿದರೆ ತನ್ನ ಅವ್ವನ ಮಾತೇ ತಪ್ಪು ಅಂತ ಮಗು ತಿಳಿಯುತ್ತದೆ. ಬಾಯಿ ಮುಚ್ಚಿಕೊಳ್ಳುತ್ತದೆ. ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ. ಎಡಕ್ಕೆ “ನಮ್ಮ ಮಾತು”, ಬಲಕ್ಕೆ “ಪುಸ್ತಕದ ಮಾತು”. ಬಳ್ಳೊಳ್ಳಿ–ಬೆಳ್ಳುಳ್ಳಿ, ಕಸಬರಿಗೆ–ಪೊರಕೆ, ಶೇಂಗಾ–ಕಡಲೆಕಾಯಿ. ತಾಂಡಾದಿಂದ ಬರುವ ಮಕ್ಕಳ ಲಂಬಾಣಿ ಮಾತಿಗೆ, ಉರ್ದು ಮನೆಮಾತಿನ ಮಕ್ಕಳಿಗೆ ಇನ್ನೊಂದು ಸಾಲು ಮಾಡಿ. ಮಕ್ಕಳೇ ಬರೆದು ತುಂಬಿಸಲಿ. ಮಾತೇ ಆಡದ ಮಗು ಆ ಹಾಳೆಯ ಮುಂದೆ ನಿಂತು “ನಮ್ ಮನ್ಯಾಗ ಇದಕ್ಕ ಬ್ಯಾರೆ ಅಂತಾರ್ರಿ” ಎನ್ನುವ ದಿನ ಬರುತ್ತದೆ.

9. ಊಟದ ನಂತರದ ಪಿರಿಯಡ್

ಬಿಸಿಯೂಟ ಆದ ಮೇಲೆ ಅರ್ಧ ಕ್ಲಾಸು ತೂಕಡಿಸುತ್ತದೆ, ಇನ್ನರ್ಧ ಕುಣಿಯುತ್ತದೆ. ಆ ಹೊತ್ತಿಗೆ ಉದ್ದದ ವಿವರಣೆ ಬೇಡ. ಕೈಕೆಲಸ, ಅಳತೆ, ನಕಾಶೆ, ಚಿಕ್ಕ ನಾಟಕ ಇಡಿ. ಅಂಗಳದ ಬೇವಿನ ನೆರಳಿದ್ದರೆ ಹೊರಗೆ ಕರೆದುಕೊಂಡು ಹೋಗಿ. ವೇಳಾಪಟ್ಟಿಯಲ್ಲಿ ಗಣಿತ ಅಲ್ಲಿ ಬಿದ್ದಿದ್ದರೆ ಮುಂಜಾನೆಗೆ ಬದಲಿಸಲು ಕೇಳಿ.

10. ಪಾಲಕರಿಗೆ ಮೊದಲು ಒಳ್ಳೆಯ ಸುದ್ದಿ

ದೂರು ಹೇಳಲೆಂದೇ ಕರೆಸಿದರೆ ಪಾಲಕರು ಶಾಲೆಯ ದಾರಿ ತಪ್ಪಿಸುತ್ತಾರೆ. ಜುಲೈ ಮುಗಿಯುವುದರೊಳಗೆ ಪ್ರತಿ ಮನೆಗೂ ಒಂದು ಒಳ್ಳೆಯ ಮಾತು ಮುಟ್ಟಲಿ. ಹೊಲದಿಂದ ಬರುವ ಸಂಜೆ ಹೊತ್ತಿಗೆ ಕಟ್ಟೆಯ ಮೇಲೆ ಕೂತು ಹೇಳಿದರೂ ಆಯಿತು: “ನಿಮ್ಮ ಮಗಳು ಸಣ್ಣ ಮಕ್ಕಳಿಗೆ ಚಲೋ ಹೇಳಿಕೊಡ್ತಾಳ್ರಿ.”

“ಎರಡು ಕೊಡ್ರಿ ಸರ, ನಾವೇನೂ ಅನ್ನಂಗಿಲ್ಲ” ಎನ್ನುವ ಪಾಲಕರು ಸಿಗುತ್ತಾರೆ. ಸಿಟ್ಟಾಗಬೇಡಿ, ಮಗು ಕಲಿಯಲಿ ಎಂಬ ಆಸೆ ಅದು. “ಹೊಡೆಯೋದು ಬ್ಯಾಡ್ರಿ. ದಿನಾ ಸಾಲಿಗೆ ಕಳಸ್ರಿ, ರಾತ್ರಿ ಹತ್ತು ನಿಮಿಷ ಅವನು ಓದೋದನ್ನ ಕೇಳ್ರಿ” ಎಂದು ಹೇಳಿ. ಓದು ಬಾರದ ತಾಯಿಯೂ ಕೂತು ಕೇಳಬಲ್ಲಳು.

11. ತುಂಟತನವಲ್ಲ, ಬೇರೇನೋ ಇದೆ ಅನಿಸಿದರೆ

ಬೋರ್ಡ್ ನೋಡಿ ಬರೆಯದ ಮಗುವಿಗೆ ಕಣ್ಣಿನ ತೊಂದರೆ ಇರಬಹುದು. ಕರೆದರೆ ತಿರುಗದ ಮಗುವಿಗೆ ಕಿವಿಯದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ಆ ಹೆಸರುಗಳನ್ನು ಮೊದಲು ಕೊಡಿ. ಚಟುವಟಿಕೆಯಿಂದಿದ್ದ ಮಗು ಒಮ್ಮೆಲೇ ಮಂಕಾದರೆ, ಮೈಮೇಲೆ ಗಾಯ ಕಂಡರೆ, ಮನೆಗೆ ಹೋಗಲು ಅಂಜಿದರೆ ಮುಖ್ಯೋಪಾಧ್ಯಾಯರಿಗೆ ಅದೇ ದಿನ ತಿಳಿಸಿ. ಮಕ್ಕಳ ಸಹಾಯವಾಣಿ 1098 ಉಚಿತ, ಹಗಲು ರಾತ್ರಿ ಇರುತ್ತದೆ. ಆ ಸಂಖ್ಯೆ ಮಕ್ಕಳಿಗೂ ಕಾಣುವಂತೆ ಗೋಡೆಯ ಮೇಲೆ ಬರೆಸಿ.

12. ಶನಿವಾರದ ಹದಿನೈದು ನಿಮಿಷ

ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ನೋಟ್‌ಬುಕ್ ತೆರೆಯಿರಿ. ಈ ವಾರ ಯಾವ ಹೊತ್ತಿನಲ್ಲಿ ಗದ್ದಲ ಎದ್ದಿತು, ಆಗ ಮಕ್ಕಳ ಕೈಯಲ್ಲಿ ಏನು ಕೆಲಸ ಇತ್ತು ಎಂದು ಬರೆಯಿರಿ. ನಾಲ್ಕು ವಾರ ಬರೆದರೆ ಒಂದೇ ಪಿರಿಯಡ್, ಒಂದೇ ಬಗೆಯ ಕೆಲಸ ಮತ್ತೆ ಮತ್ತೆ ಕಾಣಿಸುತ್ತದೆ. ಬದಲಿಸಬೇಕಾದ್ದು ಅದು. ಆಮೇಲೆ ಪುಟಗಳನ್ನು ತಿರುವಿ, ಈ ವಾರ ಒಮ್ಮೆಯೂ ಹೆಸರು ಹಿಡಿದು ಮಾತಾಡಿಸದ ಮಕ್ಕಳು ಯಾರು ಅಂತ ನೋಡಿ. ಗದ್ದಲ ಮಾಡುವವರ ಹೆಸರು ನಮ್ಮ ಬಾಯಲ್ಲೇ ಇರುತ್ತದೆ. ಮರೆತುಹೋಗುವುದು ಸುಮ್ಮನೆ ಕೂರುವವರ ಹೆಸರು. ಸೋಮವಾರ ಪ್ರಾರ್ಥನೆ ಮುಗಿಸಿ ಒಳಗೆ ಬಂದಾಗ ಮೊದಲು ಅವರನ್ನು ಮಾತಾಡಿಸಿ.